ಹಾಸಿನ ಓಣಿಯ ಎಂಟನೇ ಮನೆ

ಅನುಮಾನಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಊರ ತುಂಬ ಜನ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ಸಂಬಳವೇಕೆ ಎಂಬುದು ನನ್ನ ಅತ್ತೆ ಚನ್ನಬಸವ್ವನವರ ಪ್ರಶ್ನೆ. ನನ್ನ ಹುದ್ದೆಯ ಹೆಸರು ಗೈರುಮನೆ ಪರಿಶೀಲಕಿ. ನಕ್ಷೆಯಲ್ಲಿದ್ದು ನೆಲದ ಮೇಲಿಲ್ಲದ ಮನೆಗಳನ್ನು ಹಿಡಿದು ಅಳಿಸಿಹಾಕುವುದು ನನ್ನ ಕೆಲಸ. ಆರು ವರ್ಷದಲ್ಲಿ ಮುನ್ನೂರ ಹದಿನಾರು ಮನೆ ಅಳಿಸಿದ್ದೆ. ಯಾರಾದರೂ ಮನೆಮುರುಕಿ ಎಂದು ಬೈದರೆ ಅದನ್ನು ಹುದ್ದೆಯ ಕನ್ನಡ ಅನುವಾದ ಎಂದೇ ತಿಳಿಯುತ್ತಿದ್ದೆ.

ಮುನ್ನೂರ ಹದಿನೇಳನೆಯದು ನಮ್ಮ ಓಣಿಯಲ್ಲೇ ಸಿಕ್ಕಿತು.

ಸೋಮವಾರ ಬೆಳಗ್ಗೆ ಗದಗಿನ ನಮ್ಮ ಕಚೇರಿಗೆ ಹೋದಾಗ ಮುಖ್ಯಸ್ಥರಾದ ಮುಕುಂದರಾವ ಹೊಂಬಳರು ಗೋಡೆಯಗಲದ ಪರದೆಯ ಮುಂದೆ ಕೈಕಟ್ಟಿ ನಿಂತಿದ್ದರು. ಹಳೆಯ ಹತ್ತಿ ಗೋದಾಮಿನ ಅಟ್ಟದ ಮೇಲೆ ನಮ್ಮ ಕಚೇರಿ. ಈಗಲೂ ಫ್ಯಾನು ಹಾಕಿದರೆ ಯಾವುದೋ ಸಂದಿಯಿಂದ ಒಂದೆರಡು ಹತ್ತಿಯ ಎಳೆ ಹಾರಿ ಬಂದು ಪರದೆಗೆ ಅಂಟುತ್ತವೆ. ಒಮ್ಮೆ ಹಾಗೆ ಅಂಟಿದ ಎಳೆಯನ್ನು ಹೊಸ ರಸ್ತೆಯೆಂದು ತಿಳಿದು ನಾನು ಅರ್ಧ ದಿನ ಹುಡುಕಿದ್ದೆ.

"ಇಲ್ಲಿ ಬಾರವಾ ಶಿವಗಂಗಾ. ಬೆಟಗೇರಿ, ಹಾಸಿನ ಓಣಿ. ಎಂಟನೇ ನಂಬರ ಮನಿ. ಹೋದ ವಾರ ಹುಟ್ಟೇದ."

"ಯಾರು ಬರದಾರ್ರೀ ಸರ್?"

"ಯಾರೂ ಬರದಿಲ್ಲ. ನಡುತುಂಬು ತಾನ ತುಂಬೇದ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮದು ಜನನಕ್ಷೆ, ಜನರೇ ಬರೆಯುವ ನಕ್ಷೆ. ಹೆಸರು ಕೇಳಿದ ದಿನ ಅತ್ತೆ ಅದನ್ನು 'ಜನನ' ಎಂದು ಒಡೆದುಕೊಂಡು, ಕೂಸು ಹುಟ್ಟಿದ್ದಕ್ಕೆ ದಾಖಲೆ ಕೊಡುವ ಕಚೇರಿ ಇರಬೇಕೆಂದು ಓಣಿಗೆಲ್ಲ ಹೇಳಿಬಿಟ್ಟಿದ್ದರು. ಹಿಂದೆಲ್ಲ ವಿಳಾಸವೆಂದರೆ, 'ಹಿಟ್ಟಿನ ಗಿರಣಿ ದಾಟಿ ಬರ್ರಿ, ಬಾಗಲ ಮುಂದ ಒಂದು ಕುಂಟ ನಾಯಿ ಮಲಗಿರತೈತಲ್ಲ, ಅದ ಮನಿ.' ನಾಯಿ ಎದ್ದುಹೋದರೆ ವಿಳಾಸವೂ ಎದ್ದುಹೋಗುತ್ತಿತ್ತು. ಈಗ ಪ್ರತಿ ಬಾಗಿಲ ಪಕ್ಕದಲ್ಲಿ ರೂಪಾಯಿಯಗಲದ ಒಂದು ಬಿಲ್ಲೆ ಇದೆ. ನಿಮಿಷಕ್ಕೊಮ್ಮೆ ಅದು ನಮ್ಮ ಕಿವಿಗೆ ಕೇಳದ ದನಿಯಲ್ಲಿ ಟಕ್ ಎನ್ನುತ್ತದೆ. ಆ ಟಕ್ಕು ನೆರೆಯ ಬಿಲ್ಲೆಗಳನ್ನು ಮುಟ್ಟಲು ಹಿಡಿದ ಹೊತ್ತಿನಿಂದ ಬಾಗಿಲು ಬಾಗಿಲಿನ ದೂರ ತಿಳಿಯುತ್ತದೆ. ಊರಿನ ಬಿಲ್ಲೆಗಳೆಲ್ಲ ಹೀಗೆ ಒಂದಕ್ಕೊಂದು ಟಕ್ಕೆನ್ನುತ್ತ ನಕ್ಷೆಯನ್ನು ತಾವೇ ಹೆಣೆಯುತ್ತವೆ. ಹೊಸ ಮನೆ ಕಂಡಾಗ ನೆರೆಯ ಬಿಲ್ಲೆಗಳು ಬಾಯಿಬಿಟ್ಟು ಕೇಳುತ್ತವೆ: 'ಈ ಸಂಖ್ಯೆಯ ನಿವಾಸವು ತಮ್ಮ ನೆರೆಯಲ್ಲಿ ಇರುವುದು ಸತ್ಯವೇ?' ಬಿಲ್ಲೆಯ ಕನ್ನಡ ಶಾಲಾ ತಪಾಸಣೆಗೆ ಬಂದ ಸಾಹೇಬರ ಕನ್ನಡ. ಮೂರು ಮನೆಯವರು ಅದಕ್ಕೆ 'ಹೂಂ' ಎಂದರೆ ಮನೆ ನಿಜ. ರೇಷನ್ನು, ನೀರಿನ ಟ್ಯಾಂಕರು, ಚಾಲಕನಿಲ್ಲದೆ ಓಡುವ ಆಂಬುಲೆನ್ಸು, ಎಲ್ಲ ಬರುವುದು ಆ ಹೂಂ ಆದಮೇಲೆ.

ನಡುತುಂಬು ಎನ್ನುವುದು ಸೋಮಾರಿಗಳಿಗಾಗಿ ಮಾಡಿದ ಸೌಕರ್ಯ. ಓಣಿಯ ಈ ತುದಿಯ ಮನೆ ಒಂದು, ಆ ತುದಿಯದು ಹನ್ನೆರಡು ಎಂದು ಬರೆದರೆ ಸಾಕು, ನಡುವಿನ ಸಂಖ್ಯೆಗಳನ್ನು ಯಂತ್ರವೇ ಜಾಗ ನೋಡಿ ತುಂಬುತ್ತದೆ. ಬಿಟ್ಟುಹೋದ ಸಂಖ್ಯೆಯಿದ್ದು, ಅಲ್ಲಿ ರಸ್ತೆಗೆ ಮುಖಮಾಡಿದ ಹತ್ತು ಅಡಿ ಜಾಗ ಕಂಡರೆ, ಅಲ್ಲೊಂದು ಮನೆಯಿರಬೇಕೆಂದು ತಿಳಿದು ಅಂಚೆಯಲ್ಲಿ ಹೊಸ ಬಿಲ್ಲೆಯನ್ನೂ ಕಳಿಸುತ್ತದೆ.

ನಮ್ಮ ಓಣಿಯಲ್ಲಿ ಬಿಟ್ಟುಹೋದ ಸಂಖ್ಯೆ ಇತ್ತು. ನಲವತ್ತು ವರ್ಷದ ಹಿಂದೆ ಪುರಸಭೆಯವರು ಬಣ್ಣದ ಡಬ್ಬಿ ಹಿಡಿದು ನಂಬರು ಬರೆಯಲು ಬಂದಾಗ ಏಳರ ನಂತರದ ಮನೆಯವರು, ಅಂದರೆ ನನ್ನ ಮಾವನವರ ತಂದೆ, ಬಾಗಿಲಿಗೆ ಅಡ್ಡ ನಿಂತರಂತೆ. ಎಂಟು ಶನಿಯ ಸಂಖ್ಯೆ, ಬರೆದರೆ ಮಗ್ಗ ನಿಲ್ಲುತ್ತದೆ, ಬೇಕಾದರೆ ನಿನ್ನ ಹಣೆಗೆ ಬರೆದುಕೋ ಎಂದರಂತೆ. ಬರೆಯುವವನಿಗೂ ತನ್ನ ಹಣೆ ಬೇಕಾಗಿತ್ತು. ನಮ್ಮ ಮನೆ ಒಂಬತ್ತಾಯಿತು. ಎಂಟು ಎಂಬುದು ಯಾರಿಗೂ ಸೇರದೆ ಉಳಿಯಿತು.

"ಖಾಲಿ ನಂಬರು ಇದ್ದದ್ದು ಖರೆ," ಎಂದರು ಹೊಂಬಳರು. "ಹತ್ತು ಅಡಿ ಜಾಗ ಎಲ್ಲಿಂದ ಬಂತು? ಇರಲಿ. ಎಷ್ಟು ಮಂದಿ ಹೂಂ ಅಂದಾರ ನೋಡು."

"ಹನ್ನೊಂದು."

"ಓಣ್ಯಾಗ ಮನಿ ಎಷ್ಟವ?"

"ಹನ್ನೊಂದು."

"ಎಷ್ಟು ಹೊತ್ತಿನ್ಯಾಗ? ಒಂಬತ್ತು ನಿಮಿಷ! ನಮ್ಮ ಮನ್ಯಾಗ ನಾಕ ಮಂದಿ ಇದ್ದೇವಿ. ಇವತ್ತು ಯಾವ ಪಲ್ಯಾ ಅಂತ ಒಂಬತ್ತು ನಿಮಿಷದಾಗ ಠರಾವು ಆಗಿದ್ದು ಇತಿಹಾಸದಾಗ ಇಲ್ಲ." ಅವರು ಪರದೆಗೆ ಅಂಟಿದ ಹತ್ತಿಯೆಳೆಯೊಂದನ್ನು ಉಗುರಿನಿಂದ ತೆಗೆದರು. "ಈ ನೌಕರ್ಯಾಗ ಒಂದ ಕಲತೀನಿ. ಖರೇ ಮನಿಗೆ ವೈರಿ ಇರ್ತಾರ. ಯಾರೋ ಒಬ್ಬಾಂವ 'ಆ ಮನಿ ಹೆಸರ ತಗೀಬ್ಯಾಡ' ಅಂತಾನ. ಎಲ್ಲಾರೂ ಹೂಂ ಅನ್ನೂ ಮನಿ ಸುಳ್ಳು."

"ಸರ್, ಅದು ನಮ್ಮ ಓಣಿ. ಒಂಬತ್ತು ನಂಬರು ನಮ್ಮನಿ."

"ಗೊತ್ತದ. ಅದಕ್ಕ ನಿನಗ ಕೊಟ್ಟೀನಿ. ಶುಕ್ರವಾರ ಸಂಜಿ ಐದಕ್ಕ ವರದಿ ಬೇಕು. ಸುಳ್ಳಾದ್ರ ಮನಿ ಅಳಸೂದಷ್ಟ ಅಲ್ಲ, ಆ ಜಾಗಕ್ಕ ಮುಂದ ನಂಬರ ಸಿಗದಂಗ ಬೀಗ ಹಾಕೂದು."

ನನ್ನ ಮೇಲೆ ನಂಬಿಕೆಯಿಟ್ಟು ಕೊಟ್ಟರೋ, ನನ್ನನ್ನೇ ಹಿಡಿಯಲು ಕೊಟ್ಟರೋ ತಿಳಿಯಲಿಲ್ಲ. ಹನ್ನೊಂದು ಹೂಂಗಳಲ್ಲಿ ಒಂದು ನಮ್ಮ ಮನೆಯದು. ನಾನಂತೂ ಅಂದಿರಲಿಲ್ಲ.

ಸಂಜೆ ಬಸ್ಸಿಳಿದು ಓಣಿಯೊಳಗೆ ಕಾಲಿಟ್ಟಾಗ ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದೆ. ಕೈಮಗ್ಗದ ಕಾಲದಲ್ಲಿ ಸೀರೆಯ ಹಾಸನ್ನು, ಉದ್ದನೆಯ ನೂಲುಗಳನ್ನು, ಈ ತುದಿಯಿಂದ ಆ ತುದಿಗೆ ಹೂಡುತ್ತಿದ್ದುದರಿಂದ ಓಣಿಗೆ ಈ ಹೆಸರು. ಕಣ್ಣಿಗೆ ಹೊಡೆದದ್ದು ಬಿಳುಪು. ಹನ್ನೊಂದು ಮನೆಗಳೂ ಸುಣ್ಣ ಬಳಿದುಕೊಂಡು ಹಲ್ಲು ತಿಕ್ಕಿದ ಹಾಗೆ ಹೊಳೆಯುತ್ತಿದ್ದವು. ಹಬ್ಬವಿಲ್ಲ, ಮದುವೆಯಿಲ್ಲ. ಇಷ್ಟು ದಿನ ಕಂಡರೂ ಕಂಡಿರಲಿಲ್ಲ.

ಏಳನೇ ಮನೆಯ ಗುರುಬಸಪ್ಪ ಕಟ್ಟೆಯ ಮೇಲೆ ಕೂತು ಯಾರಿಗೋ ಏನೋ ಹೇಳುತ್ತಿದ್ದವರು ನನ್ನನ್ನು ಕಂಡು ಮಾತು ಬದಲಿಸಿದರು. ಬದಲಿಸಿದ ಮಾತು ಹವಾಮಾನದ್ದು.

"ಏನವಾ, ಭಾಳ ಸೆಕಿ ಅಲ್ಲ?"

"ಹೌದ್ರೀ ಮಾಮಾ. ಸುಣ್ಣ ಛಲೋ ಹತ್ತೇತಿ."

"ಹೂಂ... ಹಂಗ ಸುಮ್ನ. ಗ್ವಾಡಿಗೂ ಆಸಿ ಇರತಾವಲ್ಲ."

ನಮ್ಮ ಬಾಗಿಲ ಬಳಿ ನಿಂತು ಬಿಲ್ಲೆಗಾಗಿ ಕೈಯಾಡಿಸಿದೆ. ಚೌಕಟ್ಟಿನ ಪಕ್ಕ ಬಿಲ್ಲೆಯಿರಲಿಲ್ಲ. ಸುಣ್ಣದಡಿಯಲ್ಲಿ ರೂಪಾಯಿಯಗಲದ ಒಂದು ಮಾಸಲು ಗುರುತು ಮಾತ್ರ ಇತ್ತು. ಬಿಲ್ಲೆ ಮೂರಡಿ ಆಚೆ, ಕಿಟಕಿಯನ್ನೂ ದಾಟಿ ಕೂತಿತ್ತು. ಅದರ ಮುಂದೆ ಮೊರವೊಂದನ್ನು ತೂಗುಹಾಕಿದ್ದರು.

ಒಳಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು.

"ಅತ್ತೀ, ಬಿಲ್ಲೆ ಯಾಕ ಅಲ್ಲಿಗೆ ಹೋತು?"

"ಯಾವ ಬಿಲ್ಲೆ?"

"ನಮ್ಮನೀದು."

"ಗಾಳಿ ಬರಲಿ ಅಂತ ಹೋಗಿರಬೇಕು." ರೊಟ್ಟಿಯ ಸದ್ದು ಜೋರಾಯಿತು. ಅತ್ತೆಗೆ ಉತ್ತರವಿಲ್ಲದಾಗ ರೊಟ್ಟಿ ತೆಳ್ಳಗಾಗುತ್ತದೆ. ಅವತ್ತಿನ ರೊಟ್ಟಿಯ ಮೂಲಕ ನಕ್ಷೆ ಓದಬಹುದಿತ್ತು.

ಮಂಗಳವಾರ ಕಚೇರಿಯಲ್ಲಿ ಓಣಿಯ ಹಳೆಯ ದಾಖಲೆಗಳನ್ನು ತೆಗೆದೆ. ಜನ ಸುಣ್ಣ ಬಳಿಯುವಾಗ ಬಿಲ್ಲೆ ಕಿತ್ತು ಮತ್ತೆ ಅಂಟಿಸುತ್ತಾರೆ, ಅದು ಅಷ್ಟಿಷ್ಟು ಆಚೀಚೆ ಆಗುತ್ತದೆ. ಆದ್ದರಿಂದ ವಾರಕ್ಕೊಂದು ಗೇಣಿನ ತನಕ ಬಿಲ್ಲೆ ಸರಿದರೆ ಯಂತ್ರ ಅದನ್ನು 'ಸುಣ್ಣದ ಸರಿತ' ಎಂದು ಬರೆದುಕೊಂಡು ಸುಮ್ಮನಾಗುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಈ ಗುಟ್ಟನ್ನು ಊಟಕ್ಕೆ ಕೂತಾಗ ಒಮ್ಮೆ ನಗೆಮಾತಾಗಿ ಮನೆಯಲ್ಲಿ ಹೇಳಿದವಳು ನಾನೇ. ಅವತ್ತು ಅತ್ತೆ ನಕ್ಕಿರಲಿಲ್ಲ. ಈಗ ನೆನಪಾಯಿತು.

ಏಳು ವಾರ ನಮ್ಮ ಓಣಿ ಸುಣ್ಣ ಬಳಿದಿತ್ತು.

ಒಂದನೇ ಮನೆಯ ಬಿಲ್ಲೆ ಒಂದು ಗೇಣು ಎಡಕ್ಕೆ ಸರಿದಿತ್ತು. ಎರಡನೆಯದು ಎರಡು ಗೇಣು. ಮೂರನೆಯದು ಮೂರು. ಹೀಗೇ ಏಳನೆಯದು ಏಳು. ಆ ತುದಿಯಿಂದ ಹನ್ನೆರಡನೇ ಮನೆಯದು ಒಂದು ಗೇಣು ಬಲಕ್ಕೆ, ಹನ್ನೊಂದು ಎರಡು, ಹತ್ತು ಮೂರು, ನಮ್ಮ ಒಂಬತ್ತು ನಾಲ್ಕು. ಯಾರೊಬ್ಬರೂ ವಾರಕ್ಕೊಂದು ಗೇಣು ಮೀರಿರಲಿಲ್ಲ. ನಕ್ಷೆಯಲ್ಲಿ ಪ್ರತಿ ಮನೆಯೂ ಒಂದೊಂದು ಗೇಣು ಬಡವಾಗಿತ್ತು. ಏಳಕ್ಕೂ ಒಂಬತ್ತಕ್ಕೂ ನಡುವೆ ಹನ್ನೊಂದು ಗೇಣು ಜಾಗ ತೆರೆದುಕೊಂಡಿತ್ತು. ಗೇಣಿಗೆ ಒಂಬತ್ತು ಅಂಗುಲದಂತೆ ಎಂಟು ಅಡಿ ಮೂರು ಅಂಗುಲ. ಅಲ್ಲಿ ಮೊದಲೇ ಇದ್ದ ಸಂದಿ ಎರಡು ಅಡಿ. ಒಟ್ಟು ಹತ್ತು ಅಡಿ ಮೂರು ಅಂಗುಲ. ನಡುತುಂಬು ಬಂದು ನೋಡಿ, ಜಾಗ ಸಿಕ್ಕಿತೆಂದು ಎಂಟನ್ನು ಕೂರಿಸಿತ್ತು.

ಯಾರೂ ಒಂದು ಸುಳ್ಳನ್ನೂ ಬರೆದಿರಲಿಲ್ಲ. ಯಂತ್ರದ ಕೈಯಿಂದಲೇ ಬರೆಸಿದ್ದರು.

ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಹೊಟ್ಟೆಕಿಚ್ಚು. ಓಣಿಯೆಲ್ಲ ಸೇರಿ ಆಡಿದ ಆಟಕ್ಕೆ ನನ್ನನ್ನು ಕರೆದಿರಲಿಲ್ಲ. ಯಾಕೆ ಕರೆದಿರಲಿಲ್ಲ ಎಂದು ಆ ಸಂದಿಯ ಹಿಂದಿನ ದಾಖಲೆಯನ್ನೂ ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಅಲ್ಲಿ 'ಏಳು ಬಾರ್ ಒಂದು' ಎಂಬ ಮನೆಯಿತ್ತು. ರಸ್ತೆಗೆ ಮುಖವಿಲ್ಲವೆಂಬ ಕಾರಣಕ್ಕೆ ಅಳಿಸಿ, ಏಳನೆಯ ಮನೆಯ ಹಿಂಭಾಗವೆಂದು ಸೇರಿಸಿದ್ದರು. ಅಳಿಸಿದವರ ಗುರುತು ಎಂಬಲ್ಲಿ ನನ್ನ ಗುರುತಿತ್ತು.

ನನ್ನ ಪಟ್ಟಿಯಲ್ಲಿ ನೂರಾ ಎಂಬತ್ತೆರಡನೆಯದು. ಅವತ್ತು ಒಂದೇ ದಿನ ನಲವತ್ತು ಮನೆ ಅಳಿಸಿದ್ದೆ. ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಸಂಕೇತ ಮಾತ್ರ. ಓದಿದರೆ ಗೊತ್ತಾಗುತ್ತಿತ್ತು, ಓದಿರಲಿಲ್ಲ. ನಮ್ಮ ಬಾಗಿಲಿಂದ ನಲವತ್ತು ಹೆಜ್ಜೆಯಿರುವ ಮನೆಯನ್ನು ಮೂರು ಮೈಲು ದೂರ ಕೂತು ಅಳಿಸಿದ್ದೆ.

ಮಧ್ಯಾಹ್ನವೇ ಮನೆಗೆ ಬಂದೆ. ಬಾಗಿಲಿಗೆ ಹೋಗದೆ ನೇರವಾಗಿ ಸಂದಿಯೊಳಗೆ ನಡೆದೆ. ಭುಜ ಎರಡೂ ಗೋಡೆಗೆ ತಾಗುತ್ತದೆ, ಸುಣ್ಣ ಎರಡೂ ತೋಳಿಗೆ ಮೆತ್ತಿಕೊಂಡಿತು. ಕೊನೆಯಲ್ಲಿ ತಗಡಿನ ಮಾಡು, ಒಂದು ಕೋಣೆ, ಒಂದು ಬಚ್ಚಲು. ಚಾಂದಬಿ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಓಣಿಯ ಮಗ್ಗಗಳಿಗೆಲ್ಲ ಅವಳದೇ ಕಂಡಿಕೆ. ಮಗಳು ಶಬಾನಾ ಗೋಡೆಗೊರಗಿ ಕಾಲು ಚಾಚಿದ್ದಳು. ಎಂಟು ತಿಂಗಳ ಬಸಿರಿ, ಕಾಲು ಬಾತು ಗುಂಡಗಾಗಿದ್ದವು.

"ಬಾರವಾ," ಎಂದಳು ಚಾಂದಬಿ, ರಾಟೆ ನಿಲ್ಲಿಸದೆ. "ನೀ ಬರತೀ ಅಂತ ಗೊತ್ತಿತ್ತು. ಅಳಸಾಕ ಬಂದ್ಯೋ, ನೋಡಾಕ ಬಂದ್ಯೋ?"

"ನೋಡಾಕ."

"ಹಂಗಾರ ಕುಂದ್ರು. ಅಳಸೋರು ಇಲ್ಲಿ ಬಂದು ಕುಂದ್ರಂಗಿಲ್ಲ, ಕಚೇರ್ಯಾಗ ಕುಂತಲ್ಲೇ ಅಳಸತಾರ."

ಏಟು ಸರಿಯಾಗಿ ಬಿತ್ತು. ಕೂತೆ.

"ಡಾಕ್ಟರು ಏನಂದಾರ?"

"ರಕ್ತದ ಒತ್ತಡ ಭಾಳ ಐತಂತ," ಎಂದಳು ಶಬಾನಾ. "ಬ್ಯಾನಿ ಬಂದ ಕೂಡ್ಲೆ ಆಂಬುಲೆನ್ಸ್ ಕರೀರಿ, ರಿಕ್ಷಾದಾಗ ಕುಲುಕಿಸಿಕೋತ ಬರಬ್ಯಾಡ್ರಿ ಅಂದಾರ. ಯಾವ ನಂಬರಿಗೆ ಕರೀಲಿ ಶಿವಗಂಗಕ್ಕಾ? ಅಪ್ಪಗ ಬಂದಂಗ ಬಂದ್ರ?"

ಅವಳಪ್ಪ ರಾಜೇಸಾಬ ಹೋದ ವರ್ಷ ತೀರಿಕೊಂಡದ್ದು ನನಗೆ ಗೊತ್ತಿತ್ತು, ಹೇಗೆಂಬುದು ಪೂರ್ತಿ ಗೊತ್ತಿರಲಿಲ್ಲ. ಅಥವಾ ಕೇಳಿರಲಿಲ್ಲ. ಎದೆನೋವು ಬಂದು ಆಂಬುಲೆನ್ಸ್ ಕರೆದಾಗ ಅದು ದಾಖಲೆಯಲ್ಲಿದ್ದ ಹಾಗೆ ಏಳನೇ ಮನೆಗೆ ಬಂತು. ಬಾಗಿಲ ಬಿಲ್ಲೆಯನ್ನು ಕೇಳಿತು: 'ರೋಗಿಯು ಈ ನಿವಾಸದಲ್ಲಿ ಇರುವುದು ಸತ್ಯವೇ?' ಗುರುಬಸಪ್ಪನ ಮನೆಮಂದಿಯೆಲ್ಲ ಬಾದಾಮಿಗೆ ಮದುವೆಗೆ ಹೋಗಿದ್ದರು. ಹೂಂ ಎನ್ನುವವರಿಲ್ಲ. ಚಾಂದಬಿ ಸಂದಿಯಿಂದ ಓಡಿ ಬಂದು ಹೂಂ, ಹೂಂ ಎಂದು ಬಡಿದುಕೊಂಡಳು. ಅವಳ ದನಿ ಏಳನೇ ಮನೆಯದಲ್ಲ. ನಾಲ್ಕು ನಿಮಿಷ ಕಾದು, 'ವಿಳಾಸವು ದೃಢಪಟ್ಟಿರುವುದಿಲ್ಲ, ವಿಷಾದಿಸುತ್ತೇವೆ' ಎಂದು ಹೇಳಿ ಗಾಡಿ ಹಿಂದಿರುಗಿತು.

"ವಿಷಾದಿಸ್ತೇವಿ ಅಂತು ನೋಡು," ಎಂದಳು ಚಾಂದಬಿ. "ಸಾಯೋ ಹೊತ್ತಿನ್ಯಾಗ ಅದರ ಅರ್ಥ ಯಾರನ್ನ ಕೇಳೂದು?"

ಹೊರಗೆ ಬಂದಾಗ ಸಂದಿಯ ಬಾಯಿಗೆ ಅತ್ತೆ ನಿಂತಿದ್ದರು. ಅವರ ಹಿಂದೆ ಗುರುಬಸಪ್ಪ. ಅವರ ಹಿಂದೆ ಓಣಿ.

"ಮೊದ್ಲ ಗೇಣು ನಂದು," ಎಂದರು ಗುರುಬಸಪ್ಪ, ನಾನು ಕೇಳುವ ಮೊದಲೇ. "ಬರಕೋ. ಬಾದಾಮಿಯಿಂದ ಬಂದ ದಿನದಿಂದ ನನಗ ಆ ಬಿಲ್ಲೆ ನೋಡಾಕ ಆಗವಲ್ದು. ಇವರೆಲ್ಲಾ ನನ್ನ ಸಲುವಾಗಿ ಸರಿಸ್ಯಾರ."

"ಯಾರ ಸಲುವಾಗೂ ಅಲ್ಲ," ಎಂದರು ಅತ್ತೆ. "ಹಾಸಿನ ನಡುವ ಒಂದ ಎಳಿ ಸೇರಸಬೇಕಂದ್ರ ನೇಕಾರ ಏನ ಮಾಡ್ತಾನ? ಆಕಡೀದು ಈಕಡೀದು ಎಳಿ ಕೂದಲೆಳಿಯಷ್ಟು ಸರಸ್ತಾನ. ಸೀರಿ ಅಗಲ ಇದ್ದಷ್ಟ ಇರತೈತಿ, ನಡುವ ಎಳಿ ಕುಂದ್ರತೈತಿ. ಇದಕ್ಕ ಕಂಪ್ಯೂಟರ ಓದಬೇಕಾಗಿಲ್ಲ."

"ನನಗ್ಯಾಕ ಹೇಳಲಿಲ್ಲ ಅತ್ತೀ?"

"ಹೇಳಿದ್ರ ಮರುದಿನಾನ ಅಳಸಿಬಿಡತಿದ್ದಿ. ಒಮ್ಮೆ ಅಳಸೀದಿಯಲ್ಲ."

ಹಾಗಾದರೆ ಅವರಿಗೆ ಎರಡು ವರ್ಷದಿಂದ ಗೊತ್ತಿತ್ತು. ಪ್ರತಿದಿನ ರೊಟ್ಟಿ ಬಡಿದು ಹಾಕುತ್ತಿದ್ದರು, ಒಂದು ಮಾತು ಆಡಿರಲಿಲ್ಲ. ನಾನು ಊರನ್ನೆಲ್ಲ ಅನುಮಾನಿಸುತ್ತಿದ್ದಾಗ ಓಣಿ ನನ್ನೊಬ್ಬಳನ್ನು ಅನುಮಾನಿಸುತ್ತಿತ್ತು. ಸಂಬಳವಿಲ್ಲದೆ.

"ಶುಕ್ರವಾರ ಐದಕ್ಕ ಈ ಮನಿ ಹೋಗತೈತಿ," ಎಂದೆ. "ನನ್ನಿಂದ ಅಲ್ಲ. ನಿಮ್ಮಿಂದ. ಹನ್ನೊಂದು ಮನೀನೂ ಹೂಂ ಅಂದ್ರಿ. ಅದೂ ಒಂಬತ್ತು ನಿಮಿಷದಾಗ."

"ಹೂಂ ಅನ್ರಿ ಅಂದೋರು ನಿಮ್ಮ ಕಚೇರಿಯವರ ಅಲ್ಲೇನ?" ಎಂದರು ಗುರುಬಸಪ್ಪ.

"ಮೂರು ಮಂದಿ ಅನ್ರಿ ಅಂದಿದ್ವಿ. ಇಷ್ಟು ಒಗ್ಗಟ್ಟು ಕಂಡ್ರ ನಮ್ಮ ಸಾಹೇಬ್ರಿಗೆ ಸಂಶೆ ಬರತೈತಿ. ಖರೇ ಮನಿಗೆ ವೈರಿ ಇರ್ತಾರ ಅಂತಾರ ಅವರು. ಒಬ್ಬರರ ಜಗಳ ತಗದಿದ್ರ ಮನಿ ಉಳೀತಿತ್ತು."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಮುಖದಲ್ಲಿ ನಾನು ಎಷ್ಟೋ ದಿನದಿಂದ ಕಾಣದ ಕಳೆ ಬಂತು.

"ಇಷ್ಟನ? ಏಳು ವಾರ ಜಗಳಾಡದ ನಾಲಿಗಿ ಕಟ್ಟಿಕೊಂಡು ಸಾಯಾಕ ಹತ್ತೇವಿ. ಇದನ್ನ ಮೊದ್ಲ ಹೇಳಬಾರದೇನ ಹುಡುಗಿ?"

ಅವರು ಅಲ್ಲಿಂದಲೇ ನೇರ ನಮ್ಮ ಬಿಲ್ಲೆಯ ಮುಂದೆ ಹೋಗಿ ಮೊರ ಸರಿಸಿ, "ತಕರಾರೈತಿ!" ಎಂದು ಕೂಗಿದರು.

"ತಮ್ಮ ತಕರಾರನ್ನು ಸಂಕ್ಷಿಪ್ತವಾಗಿ ನಿವೇದಿಸಿರಿ," ಎಂದಿತು ಬಿಲ್ಲೆ.

"ಏನಂತಿದು?"

"ಲಗೂ ಮುಗಸ್ರಿ ಅಂತೈತಿ," ಎಂದೆ.

ಅತ್ತೆ ಇಪ್ಪತ್ತೆರಡು ನಿಮಿಷ ನಿವೇದಿಸಿದರು.

ಗುರುವಾರ ಮಧ್ಯಾಹ್ನ ಹೊಂಬಳರು ಹೇಳದೆ ಕೇಳದೆ ಓಣಿಗೆ ಬಂದರು. ಅಟ್ಟದ ಮೇಲಿಂದ ಇಳಿದು ಅವರು ಯಾವ ಮನೆಯನ್ನಾದರೂ ನೋಡಲು ಹೋದದ್ದು ನನಗೆ ನೆನಪಿಲ್ಲ. ನನ್ನನ್ನೂ ಜೊತೆಗೆ ಕರೆತಂದಿದ್ದರು, ಎಲ್ಲಿಗೆಂದು ಹೇಳಿರಲಿಲ್ಲ. ಬಸ್ಸಿಳಿದ ಮೇಲೆಯೇ ಗೊತ್ತಾದದ್ದು.

"ಎರಡ ದಿನದಾಗ ಎಂಟನೇ ಮನಿ ಮ್ಯಾಲ ಮೂರು ತಕರಾರು ಬಂದಾವ," ಎಂದರು. "ವೈರಿ ಇರ್ತಾರ ಅಂದೆ. ವೈರಿ ಬಂದ್ರು. ಹೇಳಿ ಕಳಿಸಿದಂಗ ಬಂದ್ರು. ಅದಕ್ಕ ನೋಡೂಣಂತ."

ಅವರು ಜೇಬಿನಿಂದ ಅಳತೆಯ ಟೇಪು ತೆಗೆದರು. ಸಂದಿಗೆ ಟೇಪು ಹಿಡಿದರೆ ಎರಡೇ ಅಡಿ.

ಅಷ್ಟರಲ್ಲಿ ಅತ್ತೆ ಕಂಡರು. ಅವರು ನೋಡಿದ್ದು ಹೊಂಬಳರನ್ನಲ್ಲ, ಸಂದಿಯಿಂದ ಕಂಡಿಕೆಯ ಬುಟ್ಟಿ ಹೊತ್ತು ಬರುತ್ತಿದ್ದ ಚಾಂದಬಿಯನ್ನು.

"ಬಂದ್ಯೇನವಾ ಎಂಟನೇ ನಂಬರ್ನಾಕಿ! ನಿನ್ನ ಬಚ್ಚಲ ನೀರು ನನ್ನ ಬಾಗಲಿಗೆ ಬಿಡಾಕ ನಿನಗೇನು ನಾನು ಹೊಲ ಕಂಡೀನಿ? ಹಾಕಿದ ರಂಗೋಲಿ ತೇಲಿಕೋತ ಹನ್ನೆರಡನೇ ನಂಬರಿಗೆ ಹೋಗತೈತಿ. ಅವರು ಪುಕ್ಕಟೆ ರಂಗೋಲಿ ಹೊಡಕೊಂಡು ಕುಂತಾರ!"

"ಚನ್ನಬಸಕ್ಕ, ನಿಮ್ಮ ಬೆಕ್ಕು ದಿನಾ ನನ್ನ ಹಾಲು ಕುಡೀತೈತಿ. ನಾ ಯಾವ ಬಿಲ್ಲೆಗೆ ಹೇಳ್ಲಿ?"

"ನನ್ನ ಬೆಕ್ಕು? ನನ್ನ ಬೆಕ್ಕು ಗುರುವಾರ ಹಾಲ ಮುಟ್ಟಂಗಿಲ್ಲ!"

"ಉಳಿದ ಆರು ದಿನ?"

"ಸುಮ್ನಿರ್ರಿ ಇಬ್ರೂ," ಎಂದು ಗುರುಬಸಪ್ಪ ಕಟ್ಟೆಯಿಂದ ಎದ್ದರು. "ಈಕಿ ರಾಟಿ ಸಪ್ಪಳಕ್ಕ ನನಗ ಮಧ್ಯಾಹ್ನ ನಿದ್ದಿ ಇಲ್ಲ."

"ಮಧ್ಯಾಹ್ನ ಮಲಗಾವ ಎಂಥಾ ನೇಕಾರೋ ಅಣ್ಣಾ? ಅದಕ್ಕ ನಿನ್ನ ಸೀರಿ ಸೆರಗು ಸೊಟ್ಟ!" ಎಂದಳು ಚಾಂದಬಿ.

ಇದು ಆಡಿ ತೋರಿಸುವ ಜಗಳವಲ್ಲ ಎಂದು ನನಗೆ ಅಲ್ಲಿ ಅನುಮಾನ ಬಂತು. ಸೀರೆಯ ಸೆರಗಿನ ಮಾತಿಗೆ ಗುರುಬಸಪ್ಪನ ಕಿವಿ ನಿಜವಾಗಿ ಕೆಂಪಾಗಿದ್ದವು. ಚಾಂದಬಿಯ ಕಣ್ಣಲ್ಲಿ ನೀರಿತ್ತು. ನಗೆಯದೋ ಬೇರೆಯದೋ ಹೇಳಲಾರೆ. ಒಂದು ವರ್ಷದಿಂದ ಓಣಿಯಲ್ಲಿ ಯಾರೂ ಅವಳ ಮುಂದೆ ದನಿಯೆತ್ತಿ ಮಾತಾಡಿರಲಿಲ್ಲ. ಸತ್ತ ಮನೆಯವಳೆಂದು ಮೆಲ್ಲಗೆ, ಮೆತ್ತಗೆ ಮಾತಾಡುತ್ತಿದ್ದರು. ಇವತ್ತು ಮೊದಲ ಸಲ ಅವಳನ್ನು ನೆರೆಯವಳ ಹಾಗೆ ಬೈಯುತ್ತಿದ್ದರು.

ಹೊಂಬಳರು ಜಗಳದ ನಡುವಿನಿಂದ ನುಸುಳಿ ಟೇಪಿನ ತುದಿಯನ್ನು ಏಳನೇ ಮನೆಯ ಗೋಡೆಗೆ ಇಡಲು ಬಗ್ಗಿದರು. ಒಳಗೆ ಶಬಾನಾಳ ಸ್ನಾನ ಆಗಿರಬೇಕು. ಸಂದಿಯಿಂದ ಸಾಬೂನಿನ ನೊರೆ ಹೊತ್ತ ನೀರು ಹರಿದು ಬಂದು ಅವರ ಬಲಗಾಲಿನ ಬೂಟನ್ನು ಹೊಕ್ಕಿತು. ಬಗ್ಗಿದವರು ಬಗ್ಗಿದ ಹಾಗೆಯೇ ನಿಂತರು. ನೀರು ಅವರನ್ನು ದಾಟಿ, ಅತ್ತೆಯ ರಂಗೋಲಿಯನ್ನು ಹೊತ್ತುಕೊಂಡು, ಅವರು ಹೇಳಿದ ದಾರಿಯಲ್ಲೇ ಹನ್ನೆರಡನೇ ಮನೆಯ ಕಡೆ ಹೊರಟಿತು.

"ನೋಡ್ರಿ! ನೋಡ್ರಿ ಸಾಹೇಬ್ರ!" ಎಂದರು ಅತ್ತೆ. "ನಾ ಸುಳ್ಳ ಹೇಳತೇನೇನ?"

ಹೊಂಬಳರು ಸಾಬೂನಿನ ನೊರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಂದಿಯೊಳಗೆ ಇಣುಕಿದರು. ಆ ತುದಿಯಲ್ಲಿ ಬಾತ ಕಾಲುಗಳ ಹುಡುಗಿಯೊಬ್ಬಳು ಗೋಡೆ ಹಿಡಿದು ಒದ್ದೆ ಕೂದಲು ಒರೆಸುತ್ತ ನಿಂತಿದ್ದಳು. ಅವರು ಟೇಪನ್ನು ಬಿಡಿಸಲೇ ಇಲ್ಲ. ಜೇಬಿಗೆ ಹಾಕಿಕೊಂಡರು.

"ಇಲ್ಲದ ಮನಿ ನೀರು ಹಿಂಗ ಹರಿಯೂದಿಲ್ಲ," ಎಂದರು.

ಬಸ್ಸಿನ ತನಕ ಅವರ ಬೂಟು ಹೆಜ್ಜೆಗೊಮ್ಮೆ ಪಚಕ್ ಎನ್ನುತ್ತಿತ್ತು. ಓಣಿಯ ತಿರುವಿನಲ್ಲಿ ಒಂದನೇ ಮನೆಯ ಗೋಡೆಗೆ ಕೈಯಿಟ್ಟು ನಿಂತು ಕಾಲುಚೀಲ ಹಿಂಡಿದರು. ಕೈ ತೆಗೆದಾಗ ಅಂಗೈ ಬೆಳ್ಳಗಾಗಿತ್ತು.

"ಸುಣ್ಣ ಹಸೀನ ಅದ."

"ಹೌದ್ರೀ ಸರ್."

"ಏಳು ವಾರದಿಂದ?"

ನಾನು ಬಾಯಿ ತೆರೆದೆ.

"ಹೂಂ ಅನಬ್ಯಾಡ," ಎಂದರು ಅವರು ತಕ್ಷಣ. "ನಾ ಕೇಳೇ ಇಲ್ಲ." ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. "ನೂರಾ ಎಂಬತ್ತೆರಡನೇದ್ದು ನಿನ್ನ ಪಟ್ಟಿಯಿಂದ ತಗೀತೀನಿ. ಮುನ್ನೂರ ಹದಿನೈದು ಆತು. ಬ್ಯಾಸರ ಮಾಡ್ಕೋಬ್ಯಾಡ."

ಅವರಿಗೆ ಮೊದಲಿಂದಲೂ ಗೊತ್ತಿತ್ತೇ ಎಂಬ ಅನುಮಾನ ನನಗೆ ಇನ್ನೂ ಇದೆ. ಸಂಬಳದ ಅನುಮಾನವಲ್ಲ, ಸ್ವಂತದ್ದು.

ಹದಿನೇಳು ದಿನದ ನಂತರ, ಭಾನುವಾರ ಮಧ್ಯಾಹ್ನ ಶಬಾನಾಗೆ ನೋವು ಬಂತು. ಚಾಂದಬಿ ಸಂದಿಯ ಬಾಯಲ್ಲಿದ್ದ ತನ್ನ ಬಿಲ್ಲೆಗೆ ಒಂದೇ ಮಾತು ಕೂಗಿದಳು. ಹನ್ನೊಂದು ನಿಮಿಷಕ್ಕೆ ಆಂಬುಲೆನ್ಸ್ ಬಂತು. ಚಾಲಕನಿಲ್ಲದ ಬಿಳಿ ಗಾಡಿ, ಬಿಳಿ ಓಣಿ. ಏಳನ್ನು ದಾಟಿತು. ಎಲ್ಲರೂ ಬಾಗಿಲಿಗೆ ಬಂದಿದ್ದರು. ಅದು ಸಂದಿಯ ಮುಂದೆ ನಿಂತು, ಅದೇ ಸಾಹೇಬರ ಕನ್ನಡದಲ್ಲಿ ಕೇಳಿತು:

"ಎಂಟನೇ ಸಂಖ್ಯೆಯ ನಿವಾಸವು ಇಲ್ಲಿ ಇರುವುದು ಸತ್ಯವೇ?"

"ಹೂಂ," ಎಂದರು ಗುರುಬಸಪ್ಪ. ಎಲ್ಲರಿಗಿಂತ ಮೊದಲು ಅಂದವರು ಅವರು. "ಹೂಂ," ಎಂದಿತು ಆರನೇ ಮನೆ. ಹತ್ತನೇ ಮನೆ, ಒಂದನೇ ಮನೆ, ಹನ್ನೆರಡು. ಓಣಿಯುದ್ದಕ್ಕೂ ಹೂಂಗಳು ಹೂಡಿದ ಹಾಸಿನ ಹಾಗೆ ಬಿಗಿದುಕೊಂಡವು. ಗಾಡಿಯ ಇಳಿಜಾರು ಹಲಗೆಯಿಂದ ಇಳಿದು, ಕಿರಿದಾದ ಸ್ಟ್ರೆಚರು ಚಕ್ರದ ಮೇಲೆ ತಾನೇ ಸಂದಿಯೊಳಗೆ ಹೋಯಿತು.

ಹತ್ತು ಹೂಂ ಎಣಿಸಿದೆ. ಹನ್ನೊಂದನೆಯದು ಬಂದರೆ ಸೋಮವಾರ ಬೆಳಗ್ಗೆ, ಎಲ್ಲರೂ ಹೂಂ ಅಂದ ಮನೆಯೆಂದು, ಪರದೆಯ ಮೇಲೆ ಮತ್ತೆ ಅನುಮಾನದ ಗುರುತು. ಅತ್ತೆಯ ಕಡೆ ತಿರುಗಿದೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಗಲೇ ಗಾಡಿಯ ಮುಂದೆ ನಿಂತಿದ್ದರು.

"ಊಂಹೂಂ!" ಎಂದರು, ಕಣ್ಣೊರೆಸಿಕೊಳ್ಳುತ್ತ. "ಏನ್ ಹೂಂ ಅಂತಾರ ಇವರು! ಮೊದ್ಲ ನನ್ನ ರಂಗೋಲಿ ಮ್ಯಾಲಿಂದ ಗಾಲಿ ತಗಿ!"

"ತಮ್ಮ ತಕರಾರು ದಾಖಲಾಗಿದೆ," ಎಂದಿತು ಆಂಬುಲೆನ್ಸು, ಮತ್ತು ಶಬಾನಾಳನ್ನು ಹತ್ತಿಸಿಕೊಂಡಿತು.